ಮೇಲಕ್ಕೆ ತಿರುಗದ ಅಂಗೈ

2024ರ ಜುಲೈ ಹನ್ನೊಂದು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಖಾನಾಪುರದ ಬಸ್ ನಿಲ್ದಾಣದ ಹಿಂದೆ, ಎರಡು ಕೋಣೆಯ ಬಾಡಿಗೆ ಕಟ್ಟಡದಲ್ಲಿದ್ದ ಕಾಲೇಜಿನ ಫಿಜಿಯೋಥೆರಪಿ ಕೇಂದ್ರದಲ್ಲಿ, ಸಮೃದ್ಧಿ ಒಬ್ಬ ಹಿರಿಯ ಹೆಂಗಸಿನ ಎಡ ಮುಂಗೈಗೆ ಗೋನಿಯೋಮೀಟರ್ ಹಿಡಿದು ಅಂಕಿ ಓದುತ್ತಿದ್ದಳು. ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದು ತಿರುಗಣಿಗೆ ಸೇರಿಸಿದ ಕೋನಮಾಪಕ ಅದು. ಕೀಲು ಎಷ್ಟು ಬಾಗುತ್ತದೆ, ಎಷ್ಟು ತಿರುಗುತ್ತದೆ ಎಂದು ಫಿಜಿಯೋಥೆರಪಿಯವರು ಅದರಿಂದ ಅಳೆಯುತ್ತಾರೆ.

"ಐವತ್ತೆಂಟಾತ್ರಿ ಅವ್ವಾರ," ಎಂದಳು.

"ಎಷ್ಟ ಬೇಕಂದಿದ್ರಿ?"

"ಎಂಬತ್ತರ ಹತ್ರ ಬಂದ್ರ ಸಾಕ್ರಿ."

"ಹಂಗಾರ ಶ್ರಾವಣಕ್ಕ ಆಕ್ಕೈತಿ."

"ಆಗತೈತ್ರಿ."

ಆ ಹೆಂಗಸು ಪಾರಿಶ್ವಾಡದ ಶಿವಬಸವ್ವ, ಅರವತ್ತೆರಡರ ವಯಸ್ಸು. ಏಪ್ರಿಲ್ ಕೊನೆಗೆ ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಜಾರಿ ಎಡಗೈ ಊರಿ ಬಿದ್ದಿದ್ದಳು. ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಮಡಚಲು ಬಂದವು, ತಂಬಿಗೆ ಎತ್ತಲು ಬಂತು. ಅಂಗೈ ಮಾತ್ರ ಪೂರ್ತಿ ಮೇಲಕ್ಕೆ ತಿರುಗುತ್ತಿರಲಿಲ್ಲ. ಆ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವುದು ಅವಳಿಗೆ ಬುದ್ಧಿ ಬಂದಂದಿನಿಂದ ನಡೆದುಬಂದ ಕ್ರಮ. ಲಿಂಗ ಕೂಡುವುದು ಎಡ ಅಂಗೈಯಲ್ಲಿ. ಬಲಗೈ ವಿಭೂತಿ ಹಚ್ಚಲು, ನೀರು ಎರೆಯಲು, ಹೂವು ಏರಿಸಲು. ಪೂಜೆಯಾಗದೆ ಅವಳು ಬಾಯಿಗೆ ಏನೂ ಹಾಕುತ್ತಿರಲಿಲ್ಲ.

ಬಾಗಿಲಲ್ಲಿ ಕೊಡೆ ಮಡಚುತ್ತ ನಿಂತಿದ್ದ ಮಧುಕರ ಸರ್ ಇಷ್ಟನ್ನೂ ಕೇಳಿಸಿಕೊಂಡಿದ್ದರು. ಅವರು ಸಮೃದ್ಧಿಯ ಮಾರ್ಗದರ್ಶಕ ಪ್ರಾಧ್ಯಾಪಕರು. ತಿಂಗಳಿಗೊಮ್ಮೆ ಬೆಳಗಾವಿಯಿಂದ ಬಂದು ವಿದ್ಯಾರ್ಥಿಗಳ ಕೆಲಸ ನೋಡುತ್ತಿದ್ದರು. ಒಳಗೆ ಬಂದು, ಶಿವಬಸವ್ವನಿಗೆ ನಮಸ್ಕಾರ ಹೇಳಿ, ಸಮೃದ್ಧಿಯ ಕಡೆ ತಿರುಗಿ ಒಂದೇ ಮಾತು ಕೇಳಿದರು:

"ಟಾವೆಲ್ ಎಲ್ಲದ?"

ಸಮೃದ್ಧಿಗೆ ಆಗ ಇಪ್ಪತ್ತೈದು. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ, ತಂದೆ ಓಂಕಾರ ಅವರದು ನೀರಿನ ಪಂಪುಗಳ ಅಂಗಡಿ. ನಾಲ್ಕೂವರೆ ವರ್ಷದ ಫಿಜಿಯೋಥೆರಪಿ ಪದವಿ ಮುಗಿಸಿ, ಬೆಳಗಾವಿಯ ಒಂದು ಕಾಲೇಜಿನಲ್ಲೇ ಸ್ನಾತಕೋತ್ತರ ಎರಡನೇ ವರ್ಷದಲ್ಲಿದ್ದಳು. ಮದುವೆಮನೆಗಳಲ್ಲಿ ಸಂಬಂಧಿಕರು ಅವಳನ್ನು ಕಂಡಾಗಲೆಲ್ಲ ತಮ್ಮ ಮೊಣಕಾಲನ್ನೇ ಮುಂದೆ ಚಾಚುತ್ತಿದ್ದರು. "ಮಾಲೀಶ್ ಕಲಿಯಾಕ ಆರೂವರೆ ವರ್ಷ ಬೇಕೇನವಾ? ನಮ್ಮೂರ ಪೈಲವಾನ ಎರಡ ತಿಂಗಳದಾಗ ಕಲತಾನ," ಎಂದು ದೊಡ್ಡಪ್ಪ ಚೇಷ್ಟೆ ಮಾಡುತ್ತಿದ್ದರು. ಅವಳು ನಗುತ್ತಿದ್ದಳು. ಏನು ಕಲಿಯುತ್ತಿದ್ದೇನೆ ಎಂದು ಎರಡು ಮಾತಿನಲ್ಲಿ ಹೇಳುವುದು ಅವಳಿಗೂ ಕಷ್ಟವೇ ಆಗಿತ್ತು.

ಕಲಿಕೆಯ ಬಹುಪಾಲು ಅವರವರ ಮೈಮೇಲೇ ನಡೆಯುತ್ತದೆ. ಸಮೃದ್ಧಿ ಮತ್ತು ಅವಳ ಗೆಳತಿ ಸೃಷ್ಟಿ ಒಬ್ಬರ ಕೀಲನ್ನು ಒಬ್ಬರು ಅದೆಷ್ಟೋ ಸಲ ಬಾಗಿಸಿ, ತಿರುಗಿಸಿ ನೋಡಿದ್ದರು. ಮಧುಕರ ಸರ್ ಕಣ್ಣು ಮುಚ್ಚಿಸುತ್ತಿದ್ದರು. ಕೀಲನ್ನು ಅದರ ಕೊನೆಯವರೆಗೆ ಒಯ್ದಾಗ ಕೈಗೆ ಒಂದು ತಡೆ ತಾಗುತ್ತದೆ. ಆ ತಡೆ ಯಾವ ಬಗೆಯದು ಎಂದು ಹೇಳಬೇಕು. ಮೊಣಕೈ ಮಡಚಿದರೆ ಮಾಂಸಕ್ಕೆ ಮಾಂಸ ತಾಗಿ ಮೆತ್ತಗೆ ನಿಲ್ಲುತ್ತದೆ. ಮಣಿಕಟ್ಟು ಬಾಗಿಸಿದರೆ ತೊಗಲಿನ ಪಟ್ಟಿ ಎಳೆದಂತೆ ಬಿಗಿಯಾಗಿ, ಆದರೆ ಸ್ವಲ್ಪ ಸ್ವಲ್ಪವೇ ಸಡಿಲುಬಿಡುತ್ತ ನಿಲ್ಲುತ್ತದೆ. ಮೊಣಕೈ ನೆಟ್ಟಗೆ ಮಾಡಿದರೆ ಬಾಗಿಲು ಚೌಕಟ್ಟಿಗೆ ಬಡಿದಂತೆ ತಟ್ಟನೆ ನಿಲ್ಲುತ್ತದೆ. ಪಟ್ಟಿಯಂಥ ತಡೆಯನ್ನು ವ್ಯಾಯಾಮದಿಂದ, ಎಳೆತದಿಂದ ವಾರಗಟ್ಟಲೆ ದುಡಿದು ಬಿಡಿಸಬಹುದು. ಚೌಕಟ್ಟಿನಂಥ ತಡೆ ಇರಬಾರದ ಜಾಗದಲ್ಲಿ ಸಿಕ್ಕರೆ ಅಲ್ಲಿ ಮೂಳೆಗೆ ಮೂಳೆ ತಾಗುತ್ತಿದೆ ಎಂದು ಅರ್ಥ. ಒತ್ತಡ ಹಾಕಬಾರದು, ನಿಲ್ಲಿಸಬೇಕು. ಈ ವ್ಯತ್ಯಾಸ ಪುಸ್ತಕದಲ್ಲಿ ಅರ್ಧ ಪುಟ. ಬೆರಳಿಗೆ ಬರಲು ವರ್ಷಗಳು ಬೇಕು.

ಅಳತೆಯೂ ಹಾಗೆಯೇ. ಅಂಗೈ ಮೇಲಕ್ಕೆ ತಿರುಗುವುದನ್ನು ಅಳೆಯುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಸಬೇಕು. ಪಕ್ಕೆಗೂ ಮೊಣಕೈಗೂ ನಡುವೆ ಟವೆಲ್ ಸುತ್ತಿ ಇಡುತ್ತಾರೆ. ಮೊಣಕೈ ಹೊಟ್ಟೆಯ ಮುಂದಕ್ಕೆ ಸರಿದರೆ ಟವೆಲ್ ಕೆಳಗೆ ಬೀಳುತ್ತದೆ. ಟವೆಲ್ ಇಲ್ಲದಿದ್ದರೆ ರೋಗಿ ತನಗೇ ಗೊತ್ತಿಲ್ಲದಂತೆ ಮೊಣಕೈ ಮುಂದೆ ತಂದು, ಎಡಕ್ಕೆ ವಾಲಿ, ಭುಜದ ತಿರುವನ್ನು ಮುಂಗೈಯ ತಿರುವಿಗೆ ಸೇರಿಸಿಬಿಡುತ್ತಾರೆ. ಅಂಕಿ ಮೇಲೇರುತ್ತದೆ. ಮುಂಗೈ ಇದ್ದಲ್ಲೇ ಇರುತ್ತದೆ.

ಶಿವಬಸವ್ವ ಮೊದಲು ಬಂದದ್ದು ಜೂನ್ ಮಧ್ಯದಲ್ಲಿ. ಮಗ ಸಾತಪ್ಪ ಕರೆದುಕೊಂಡು ಬಂದಿದ್ದ. ಕಬ್ಬಿನ ಹೊಲದಿಂದ ನೇರ ಬಂದವನಂತೆ ಹೆಗಲ ಮೇಲೆ ಟವೆಲ್, ಚಪ್ಪಲಿ ತುಂಬ ಕೆಸರು. ಸಮೃದ್ಧಿ ಎಲ್ಲವನ್ನೂ ಕ್ರಮವಾಗಿ ಮಾಡಿದ್ದಳು. ಟವೆಲ್ ಸುತ್ತಿಟ್ಟು, ಮೂರು ಸಲ ಅಳೆದು, ಸರಾಸರಿ ತೆಗೆದಳು. ಅಂಗೈ ಮೇಲಕ್ಕೆ ತಿರುಗುವುದು ನಲವತ್ತು ಡಿಗ್ರಿ ಇತ್ತು. ಕೊನೆಯ ತಡೆ ಬಿಗಿಯಾದ ಪಟ್ಟಿಯಂತಿದೆ ಎಂದು ಅವಳಿಗೆ ಅನ್ನಿಸಿತ್ತು. ಊದಿಕೊಂಡ, ನೋಯುವ ಕೈಯಲ್ಲಿ ಮೊದಲ ದಿನ ಹಾಗೆ ಅನ್ನಿಸುವುದು ಸಹಜವೇ.

ಅನಂತರ ಯಾವ ಕೈ ಊಟದ ಕೈ ಎಂದು ಕೇಳಿದಳು. ಬಲಗೈ, ಎಂದಳು ಶಿವಬಸವ್ವ. ಮನೆಯಲ್ಲಿ ಏನೇನು ಕೆಲಸ ಎಂದು ಕೇಳಿದಳು. ರೊಟ್ಟಿ ಬಡಿಯೂದು, ಬಟ್ಟಿ ಹಿಂಡೂದು, ಕೊಡ ಎತ್ತೂದು ಎಂದಳು. ರೊಟ್ಟಿ ಬಡಿಯುವಾಗ ಅಂಗೈ ಕೆಳಗೆ ನೋಡುತ್ತದೆ. ಬಟ್ಟೆ ಹಿಂಡಲು, ಕೊಡ ಎತ್ತಲು ಹಿಡಿತ ಬೇಕು. ಸಮೃದ್ಧಿ ಗುರಿಗಳನ್ನು ಬರೆದಳು: ಮೊದಲು ಹಿಡಿತ, ಆಮೇಲೆ ಮಣಿಕಟ್ಟು, ಎಲ್ಲಕ್ಕಿಂತ ಕೊನೆಗೆ ಅಂಗೈ ಮೇಲಕ್ಕೆ ತಿರುಗುವುದು. ಎಡಗೈ ಅಲ್ಲವೆ, ಅವಸರವಿಲ್ಲ.

ಮೂರನೇ ಸಲ ಬಂದಾಗ ಶಿವಬಸವ್ವ ವ್ಯಾಯಾಮದ ನಡುವೆ ಕಣ್ಣುಕತ್ತಲೆ ಬಂದು ಗೋಡೆ ಹಿಡಿದಳು. ಗಂಟೆ ಹನ್ನೊಂದೂವರೆ ದಾಟಿತ್ತು.

"ಮುಂಜಾನೆ ನಾಷ್ಟಾ ಏನ್ ಮಾಡೀರಿ ಅವ್ವಾರ?"

"ನಾಷ್ಟಾ ಎಲ್ಲಿದು? ಪೂಜಿ ಆಗಿಲ್ಲಲಾ."

ಸಾತಪ್ಪ ಬೇಸರದಿಂದ ಹೇಳಿದ. "ಕೈ ಮುರದಂದಿಂದ ಹಿಂಗ ನಡದೈತ್ರಿ ಮ್ಯಾಡಮ್ಮರ. ಮಧ್ಯಾಹ್ನಕ್ಕ ಬಸಯ್ಯಸ್ವಾಮಿಗಳು ಬಂದು ತೀರ್ಥ ಕೊಟ್ಟ ಮ್ಯಾಲ ಎರಡ ತುತ್ತು. ಅವರ ಹೇಳ್ಯಾರ, ಬಲಗೈಯಾಗ ಹಿಡಿಯವಾ, ಇಲ್ಲಾ ಕಣ್ಣ ಮುಚ್ಚಿ ಮನಸ್ಸಿನ್ಯಾಗ ಮಾಡವಾ, ಶಿವ ಏನ್ ಬ್ಯಾಡ ಅನ್ನಂಗಿಲ್ಲ ಅಂತ. ಇಕಿ ಸ್ವಾಮಿಗೋಳಿಗೇ ಪಾಠಾ ಹೇಳತಾಳ್ರಿ."

"ಐವತ್ತ ವರ್ಷ ಎಡಗೈಯಾಗ ಕುಂತಾನ. ಈಗ ಏಳಪಾ ಆಚಿ ಕಡಿ ಕುಂದರ ಅಂತ ಹೆಂಗ ಹೇಳ್ಲಿ?" ಎಂದಳು ಶಿವಬಸವ್ವ. ಸಮೃದ್ಧಿ ಕೊಟ್ಟ ಬಿಸ್ಕತ್ತನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಬೇರೆ ಮನೆತನದಿಂದ ಬಂದ ವಿದ್ಯಾರ್ಥಿ ಇದನ್ನು ಕೇಳಲು ಮರೆತಿದ್ದರೆ ಅದೊಂದು ಮಾತು. ಅವಳ ಸ್ವಂತ ಆಯಿ, ಅಜ್ಜಿ ಚಂದ್ರವ್ವ, ರಾಮತೀರ್ಥ ನಗರದ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ಇದೇ ಪೂಜೆ ಮಾಡುತ್ತಿದ್ದಳು. ಆಯಿಯ ಎಡ ಅಂಗೈಯ ಮೇಲೆ ಲಿಂಗ ಇದ್ದಾಗ ಜೋರಾಗಿ ಮಾತಾಡಬಾರದು ಎಂಬುದನ್ನು ಸಮೃದ್ಧಿ ಓದು ಕಲಿಯುವ ಮೊದಲೇ ಕಲಿತಿದ್ದಳು. ಕಾಲೇಜಿನ ಪ್ರಶ್ನಾವಳಿಯಲ್ಲಿ ಬಾಟಲಿ ಮುಚ್ಚಳ ತೆಗೆಯುವುದು ಇತ್ತು, ಬೀಗದ ಕೈ ತಿರುಗಿಸುವುದು ಇತ್ತು. ಅವಳು ಅವನ್ನೇ ಕೇಳಿದ್ದಳು. ಮನೆಯಲ್ಲಿ ಕಂಡದ್ದು ಮನೆಯಲ್ಲೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಪೂಜಾಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಆಯಿಯ ಮೊಣಕೈ ಪಕ್ಕೆಗೆ ಅಂಟಿತ್ತು. ಅಂಗೈ ತಟ್ಟೆಯಂತೆ ಸಮನಾಗಿತ್ತು. ಎರೆದ ನೀರು ಅಂಗೈಯ ಗುಳಿಯಲ್ಲೇ ನಿಂತಿತ್ತು. ಪೂಜೆ ಮುಗಿಸಿ ಲಿಂಗವನ್ನು ಅದರ ಪುಟ್ಟ ಡಬ್ಬಿಯಾದ ಕರಡಿಗೆಯಲ್ಲಿಟ್ಟ ಮೇಲೆ ಚಂದ್ರವ್ವ ತಿರುಗಿ ನೋಡಿದಳು.

"ಏನ ಅಷ್ಟು ನೋಡಾಕತ್ತೀದಿ? ನಾ ಏನ್ ಇವತ್ತ ಹೊಸಾದ್ ಮಾಡಿದ್ನೆ?"

"ಆಯಿ, ನಿನ್ನ ಕೈ ಅಳೀಲೇನ?"

"ಅಳಿ. ಬಂಗಾರದ ಬಳಿ ಮಾಡಸಾಕಿ ಇದ್ರ ಬರೋಬ್ಬರಿ ಅಳಿ."

ಚಂದ್ರವ್ವನ ಅಂಗೈ ಎಂಬತ್ತೆರಡು ಡಿಗ್ರಿ ತಿರುಗಿತು. ಸಮೃದ್ಧಿ ಆ ವಾರ ಶಿವಬಸವ್ವನ ಗುರಿಗಳ ಕ್ರಮ ಬದಲಿಸಿದಳು. ಕೊನೆಯದು ಮೊದಲಿಗೆ ಬಂತು. ಬಿಸಿ ಮೇಣದ ಶಾಖ, ಮೆಲ್ಲಗೆ ಎಳೆತ, ಮನೆಯಲ್ಲಿ ಮಾಡಲು ಲಟ್ಟಣಿಗೆ ಹಿಡಿದು ತಿರುಗಿಸುವ ವ್ಯಾಯಾಮ. "ಶ್ರಾವಣದಾಗ ಪೂಜಿ ಮಾಡಾಕ ಬರಬೇಕ್ರಿ ನನಗ," ಎಂದು ಶಿವಬಸವ್ವ ಕೇಳಿದಾಗ, "ಬರತೈತ್ರಿ, ನಾ ಮಾಡಸ್ತೀನಿ," ಎಂದಳು. ಹೀಗೆ ಮಾತು ಕೊಡಬಾರದು ಎಂಬುದೂ ಅವಳು ಕಲಿತದ್ದರಲ್ಲಿ ಒಂದಾಗಿತ್ತು. ತನ್ನಿಂದ ಎರಡು ವಾರ ಹಾಳಾಯಿತು ಎಂಬ ಸಂಕಟ ಆ ಪಾಠಕ್ಕಿಂತ ಹತ್ತಿರದಲ್ಲಿತ್ತು.

ಜೂನ್ ಕೊನೆಗೆ ಖಾನಾಪುರದ ಮಳೆ ಹಿಡಿಯಿತು. ಕೇಂದ್ರದ ಟವೆಲುಗಳು ಹಗ್ಗದ ಮೇಲೆ ಒಂದು ವಾರವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯತೊಡಗಿದವು. ಅಂಥದ್ದನ್ನು ಒಬ್ಬರ ಮೈಗೆ ಹೇಗೆ ಹಚ್ಚುವುದು? ಮೊಣಕೈ ಒತ್ತಿ ಹಿಡಿಯಿರಿ ಎಂದು ಬಾಯಲ್ಲೇ ಹೇಳಿ ಅಳೆಯತೊಡಗಿದಳು. ನಲವತ್ತಾರು ಬಂತು. ಆಮೇಲೆ ಐವತ್ತೊಂದು. ಪ್ರತಿಸಲ ಅಂಕಿ ಹೇಳಿದಾಗ ಶಿವಬಸವ್ವನ ಮುಖ ನೋಡುತ್ತಿದ್ದಳು, ಮೊಣಕೈ ನೋಡುತ್ತಿರಲಿಲ್ಲ.

"ಟಾವೆಲ್ ಒಣಗಿಲ್ರಿ ಸರ್," ಎಂದಳು ಆ ಗುರುವಾರ.

ಮಧುಕರ ಸರ್ ಸಾತಪ್ಪನ ಕಡೆ ಕೈ ಚಾಚಿದರು. "ಯಜಮಾನ್ರ, ನಿಮ್ಮ ಹೆಗಲ ಮ್ಯಾಲಿಂದು ಕೊಡ್ರಿ."

"ಹೊಲಸಾಗೈತ್ರೀ ಸಾಹೇಬ್ರ."

"ಮಗಂದ ಹೊಲಸು ತಾಯಿಗೇನ ಆಗತದ? ಕೊಡ್ರಿ."

ಟವೆಲ್ ಸುತ್ತಿ ಶಿವಬಸವ್ವನ ಪಕ್ಕೆಗೂ ಮೊಣಕೈಗೂ ನಡುವೆ ಇಟ್ಟರು. ತಿರುಗಿಸಿ ಎಂದರು. ಟವೆಲ್ ಬಿತ್ತು. ಮತ್ತೆ ಇಟ್ಟು, ತಾವೇ ಮೊಣಕೈ ಹಿಡಿದು ತಿರುಗಿಸಲು ಹೇಳಿದರು. ಗೋನಿಯೋಮೀಟರನ್ನು ಸಮೃದ್ಧಿಯೇ ಹಿಡಿಯಬೇಕಾಯಿತು. ಮೂರು ಸಲ ಓದಿದಳು. ನಲವತ್ತು, ಮೂವತ್ತೊಂಬತ್ತು, ನಲವತ್ತೊಂದು. ಆಮೇಲೆ ಅವರು, "ಕಣ್ಣ ಮುಚ್ಚು. ಕೊನೀತನಕ ಒಯ್ಯಿ," ಎಂದರು. ಅವಳು ಕಣ್ಣು ಮುಚ್ಚಿ ಆ ಮುಂಗೈಯನ್ನು ಮೆಲ್ಲಗೆ ತಿರುಗಿಸಿದಳು. ಊತ ಇಳಿದಿದ್ದ ಕೈಯಲ್ಲಿ ಈಗ ಅದು ಸ್ಪಷ್ಟವಾಗಿ ತಿಳಿಯಿತು. ಬಾಗಿಲು ಚೌಕಟ್ಟಿಗೆ ಬಡಿಯಿತು.

ಒಳಕೋಣೆಯಲ್ಲಿ ಮಧುಕರ ಸರ್ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಊತ ಇಳಿದಾಗ ಪ್ಲಾಸ್ಟರ್ ಸಡಿಲವಾಗಿ, ಮುರಿದ ತುದಿ ಸ್ವಲ್ಪ ಜಾರಿ, ಗಿಡ್ಡಾಗಿ, ವಾರೆಯಾಗಿ ಕೂಡಿಕೊಂಡಿತ್ತು. ಪಕ್ಕದ ಮೂಳೆ ಅದಕ್ಕೆ ಅಡ್ಡ ನಿಂತಿತ್ತು. ಮೂಳೆ ಕೂಡಿದೆ ಎಂಬ ವರದಿಯ ಸಾಲನ್ನು ಮಾತ್ರ ಸಮೃದ್ಧಿ ಓದಿದ್ದಳು.

"ನಾ ಸುಳ್ಳು ಬರದಿಲ್ಲ ಸರ್."

"ಸುಳ್ಳು ಅಂತ ಯಾರಂದ್ರು? ನಿನಗ ಬೇಕಾದದ್ದು ಓದೀದಿ. ಸುಳ್ಳು ಬರದಿದ್ರ ಸುಲಭ ಇತ್ತು, ಬೈದು ಬಿಡಬಹುದಿತ್ತು." ಎಕ್ಸ್‌ರೇಯನ್ನು ಲಕೋಟೆಗೆ ಹಾಕಿದರು. "ಮೂಳಿ ಡಾಕ್ಟರಿಗೆ ತೋರಿಸ್ತೀನಿ. ಶ್ರಾವಣಕ್ಕ ಆಗತದ ಅಂತ ಹೇಳಿದವರ್ಯಾರು?"

"ನಾನ ಸರ್."

"ಆಗೂದಿಲ್ಲ ಅಂತನೂ ನೀನ ಹೇಳಬೇಕಾಗತದ."

ಆ ದಿನ ಅವಳು ಹೇಳಲಿಲ್ಲ. ಹೊರಗೆ ಬಂದಾಗ ಶಿವಬಸವ್ವ ಮಗನಿಗೆ ಟವೆಲ್ ಮಡಚಿಕೊಡುತ್ತ, "ದೊಡ್ಡ ಡಾಕ್ಟರ್ ನೋಡಿದ್ರಲಾ, ಇನ್ನ ಲಗೂನ ಆಕ್ಕೈತಿ," ಎನ್ನುತ್ತಿದ್ದಳು.

ಕಹಿ ಸುದ್ದಿ ಹೇಳುವುದಕ್ಕೂ ಒಂದು ಪಾಠವಿದೆ. ರೋಗಿಯ ಕಣ್ಣಿನ ಮಟ್ಟದಲ್ಲಿ ಕೂಡಬೇಕು, ಸಣ್ಣ ವಾಕ್ಯಗಳಲ್ಲಿ ಹೇಳಬೇಕು, ಹೇಳಿದ ಮೇಲೆ ಸುಮ್ಮನಿರಬೇಕು. ಆ ತರಗತಿಯಲ್ಲಿ ಸೃಷ್ಟಿ ರೋಗಿಯಾಗಿ ನಟಿಸಿ, ನಗು ತಡೆಯಲಾರದೆ ಮುಖ ಮುಚ್ಚಿಕೊಂಡು, ಅಳುತ್ತಿದ್ದಾಳೆಂದು ಎಲ್ಲರನ್ನೂ ನಂಬಿಸಿದ್ದಳು. ಸಮೃದ್ಧಿಗೆ ಪೂರ್ತಿ ಅಂಕ ಬಂದಿದ್ದವು.

ಬೆಳಗಾವಿಯ ಮೂಳೆ ತಜ್ಞರು, ಶಸ್ತ್ರಚಿಕಿತ್ಸೆ ಮಾಡಿ ಮೂಳೆಯನ್ನು ಮತ್ತೆ ಕತ್ತರಿಸಿ ಸರಿಯಾಗಿ ಕೂಡಿಸಬಹುದು, ಆದರೆ ಈ ವಯಸ್ಸಿನ ಸಡಿಲ ಮೂಳೆಯಲ್ಲಿ ಎಷ್ಟು ತಿರುಗೀತು ಎಂದು ಭರವಸೆ ಕೊಡಲಾರೆ ಎಂದರು. ಆ ರವಿವಾರ ಸಮೃದ್ಧಿ ಬಸ್ಸು ಹಿಡಿದು ಪಾರಿಶ್ವಾಡಕ್ಕೆ ಹೋದಳು. ಶಿವಬಸವ್ವ ಪಡಸಾಲೆಯಲ್ಲಿ ಕುಳಿತು ಬೂದಿಯಿಂದ ಬೆಳ್ಳಿಯ ಕರಡಿಗೆ ತಿಕ್ಕುತ್ತಿದ್ದಳು. ಕರಡಿಗೆಯನ್ನು ಕೊರಳಿಗೆ ಕಟ್ಟುವ ಹೊಸ ಶಿವದಾರ ಪಕ್ಕದಲ್ಲಿತ್ತು.

"ಬರ್ರಿ ಡಾಕ್ಟರ್ ಬಾಯಾರ, ಕುಂದರ್ರಿ. ಚಹಾ ಬ್ಯಾಡ ಅನ್ನಬ್ಯಾಡ್ರಿ ಮತ್ತ."

ಸಮೃದ್ಧಿ ನೆಲದ ಮೇಲೆ, ಅವಳೆದುರಿಗೆ ಕುಳಿತಳು.

"ಅವ್ವಾರ, ಗುರುವಾರ ನಾ ಹೇಳಿದ್ದು ತಪ್ಪಿತ್ರಿ. ಐವತ್ತೆಂಟು ಆಗಿಲ್ಲ. ನಲವತ್ತ ಐತಿ."

"ಹಾಂ? ನೀವ ಅಳದು ನೋಡಿ ಹೇಳಿದ್ರಿ."

"ನೀವು ಮೈ ವಾಲಿಸಿದ್ರಿ. ನಾ ಅದನ್ನ ನೋಡಲಿಲ್ಲ."

"ನಾ ಎಲ್ಲಿ ವಾಲಿಸೀನಿ?"

"ನಿಮಗ ಗೊತ್ತಾಗೂದಿಲ್ರಿ ಅದು. ನಾ ನೋಡಬೇಕಿತ್ತು. ಒಳಗ ಎಲವಿಗೆ ಎಲವು ಅಡ್ಡ ಬರತೈತಿ. ವ್ಯಾಯಾಮ ಮಾಡಿದ್ರ ಸರಿಯಂಗಿಲ್ಲ."

ಶಿವಬಸವ್ವ ಕರಡಿಗೆಯನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟಳು. ಪಾಠದಲ್ಲಿ ಹೇಳಿದಂತೆ ಸಮೃದ್ಧಿ ಸುಮ್ಮನಿದ್ದಳು. ಒಳಗೆ ಸಾತಪ್ಪನ ಹೆಂಡತಿ ಚಹಾದ ಪಾತ್ರೆ ಇಳಿಸಿದ ಸದ್ದಾಯಿತು.

"ಶ್ರಾವಣ ಬಿಡ್ರಿ. ಕಾರ್ತೀಕಕ್ಕ?"

"ಆಗಂಗಿಲ್ರಿ ಅವ್ವಾರ."

ಶಸ್ತ್ರಚಿಕಿತ್ಸೆಯ ಮಾತು ಹೇಳಿದಳು. ಶಿವಬಸವ್ವ ಪೂರ್ತಿ ಕೇಳಿ, "ಕೂಡಿದ್ದನ್ನ ಮತ್ತ ಮುರದು, ಆದ್ರ ಆತು ಇಲ್ಲಂದ್ರ ಇಲ್ಲ ಅಂದ್ರ ನಾ ಒಲ್ಲೆ," ಎಂದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದಳು. "ನೋಡಪಾ ಸಾತಪ್ಪ. ವಾರಕ್ಕ ಎರಡ ಸಲ ಬಸ್ಸಿನ್ಯಾಗ ಜೋತಾಡಿಕೊಂತ ಖಾನಾಪುರಕ್ಕ ಹೋಗಿ, ನಾ ಮೈ ವಾಲಿಸೂದು ಕಲತ ಬಂದೀನಿ."

ಸೊಸೆ ತಂದಿಟ್ಟ ಚಹಾವನ್ನು ಸಮೃದ್ಧಿಯ ಮುಂದೆ ಸರಿಸಿದಳು. "ಕುಡೀರಿ, ಚಹಾ ಆರಾಕತ್ತೈತಿ," ಎಂದಳು.

ಮುಂದಿನ ವಾರ ಶಿವಬಸವ್ವ ಕೇಂದ್ರಕ್ಕೆ ಬರಲಿಲ್ಲ. ಅವಳ ಸಮಯಕ್ಕೆ ಸಮೃದ್ಧಿ ಬೇರೆ ಯಾರನ್ನೂ ಕರೆಯದೆ ಖಾಲಿ ಬೆಂಚಿನ ಎದುರು ಕುಳಿತಿದ್ದಳು. ಆ ಹೆಂಗಸು ಈಗಲೂ ಮಧ್ಯಾಹ್ನದವರೆಗೆ ಹಸಿದಿರುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಮೈ ವಾಲಿಸೂದು ಕಲತ ಬಂದೀನಿ ಎಂಬ ಮಾತು ಕುಟುಕುತ್ತಲೇ ಇತ್ತು. ಕುಟುಕಿದ ಕಡೆಯಲ್ಲೇ ಒಂದು ಯೋಚನೆ ಹುಟ್ಟಿತು. ಅಳೆಯುವಾಗ ವಾಲುವುದು ತಪ್ಪು. ಪೂಜೆಗೆ ಕುಳಿತವಳು ವಾಲಿದರೆ ಯಾರ ಲೆಕ್ಕ ತಪ್ಪುತ್ತದೆ?

ಆ ಸಂಜೆ ಮನೆಯಲ್ಲಿ ಅವಳು ತನ್ನ ಎಡ ಮುಂಗೈಗೆ ಅಂಟುಪಟ್ಟಿ ಸುತ್ತಿ, ನಲವತ್ತಕ್ಕಿಂತ ಹೆಚ್ಚು ತಿರುಗದಂತೆ ಬಿಗಿದುಕೊಂಡಳು. ಲಿಂಬೆಹಣ್ಣನ್ನು ಅಡ್ಡ ಕೊಯ್ದು ಅರ್ಧ ಹೋಳನ್ನು ಅಂಗೈಮೇಲೆ ಇಟ್ಟುಕೊಂಡಳು. ಗಾತ್ರವೂ ಆಕಾರವೂ ಇಷ್ಟಲಿಂಗಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಮೊಣಕೈ ಪಕ್ಕೆಗಿದ್ದಾಗ ಹೋಳು ಜಾರಿ ಬಿತ್ತು. ಮೊಣಕೈಯನ್ನು ಹೊಕ್ಕಳ ಮುಂದಕ್ಕೆ ತಂದು, ಎಡಗಡೆ ದಿಂಬು ಒತ್ತಿಕೊಂಡು ಅದರ ಮೇಲೆ ವಾಲಿದಾಗ ಅಂಗೈ ಬಹುಪಾಲು ಸಮನಾಯಿತು, ಹೋಳು ನಿಂತಿತು. ಚಂದ್ರವ್ವ ಬಂದು ನೋಡಿ, "ಹಸಿವಾದ್ರ ಊಟಾ ಕೇಳು, ಲಿಂಬಿಹಣ್ಣ ಯಾಕ ಪೂಜಿ ಮಾಡಾಕತ್ತಿ," ಎಂದಳು.

ಜುಲೈ ಕೊನೆಗೆ ಸಮೃದ್ಧಿ ಇನ್ನೊಮ್ಮೆ ಪಾರಿಶ್ವಾಡಕ್ಕೆ ಹೋದಳು. ಶಿವಬಸವ್ವ ಈ ಸಲ ಚಹಾದ ಮಾತು ಎತ್ತಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಮಡಚಿದ ಕೌದಿಯನ್ನು ಎಡಪಕ್ಕಕ್ಕೆ ಇಡಿಸಿಕೊಂಡು, ಹೇಳಿದಂತೆ ವಾಲಿ, ಅರ್ಧ ಲಿಂಬೆಯನ್ನು ಅಂಗೈಗೆ ತೆಗೆದುಕೊಂಡಳು. ಮೊದಲ ಹೋಳು ಉರುಳಿ ಹೊಸ್ತಿಲು ದಾಟಿತು.

"ತಗೊಂಡ ಬರ್ತೇನ್ರಿ," ಎಂದು ಸಾತಪ್ಪ ಎದ್ದ. "ಹಾದ್ಯಾಗ ಕೊಯ್ದ ಲಿಂಬಿಹಣ್ಣ ಕಂಡ್ರ ಓಣಿ ಮಂದಿ, ಶಿವಬಸವ್ವ ಯಾರಿಗೋ ಮಾಟಾ ಮಾಡಸ್ಯಾಳ ಅಂತಾರ."

"ಮಾಡಸಿದ್ರ ನಿನಗ ಮೊದಲ ಮಾಡಸ್ತಿದ್ನಿ. ಹೇಳಿದ ಮಾತ ಕೇಳತಿದ್ದಿ," ಎಂದಳು ಶಿವಬಸವ್ವ. ಎರಡು ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು ಎಂದು ಸಾತಪ್ಪ ಆಮೇಲೆ ಹೇಳಿದ.

ಎರಡನೇ ಹೋಳು ನಿಂತಿತು. ಬಲಗೈಯಿಂದ ಅದರ ಮೇಲೆ ಒಂದು ಚಮಚ ನೀರು ಎರೆದಳು. ನೀರು ಅಂಗೈಯಲ್ಲಿ ನಿಲ್ಲದೆ ಮಣಿಕಟ್ಟಿನ ಕಡೆ ಹರಿದು ಸೀರೆ ತೊಯ್ದಿತು. ಸ್ವಲ್ಪ ಹೊತ್ತಿಗೆ ಭುಜ ನಡುಗಿತು. ಹೋಳು ಅಂಚಿಗೆ ಸರಿಯಿತು. ಸಮೃದ್ಧಿ ಕೆಳಗೆ ಕೈ ಒಡ್ಡಿದಳು.

"ಇದ ಬಿದ್ರ ಸಾರಿಗೆ ಹಿಂಡತೇನಿ," ಎಂದಳು ಶಿವಬಸವ್ವ. "ಲಿಂಗ ಬಿದ್ರ?"

"ತೊಡಿ ಮ್ಯಾಲ ದಪ್ಪನ್ ಬಟ್ಟಿ ಹಾಸಿಕೊಂಡ್ರ—"

"ತೊಡಿ ಮ್ಯಾಲ ಬಿದ್ರೂ ಬಿದ್ದದ್ದ ಅಲ್ಲೇನವಾ?"

ಅಷ್ಟು ದಿನ ಡಾಕ್ಟರ್ ಬಾಯಾರ ಎನ್ನುತ್ತಿದ್ದವಳು ಅಂದು 'ಅವಾ' ಎಂದಳು, ಮನೆಯ ಹುಡುಗಿಗೆ ಕೇಳಿದಂತೆ. ಸಮೃದ್ಧಿ ಭುಜಕ್ಕೆ ಬಲ ಬರಲು ಏನು ಮಾಡಬೇಕೆಂದು ತೋರಿಸಿ, ದಿನಾ ಲಿಂಬೆ ಹಿಡಿದು ರೂಢಿ ಮಾಡಿಕೊಳ್ಳಿ ಎಂದು ಹೇಳಿ ಹೊರಟಳು.

ಆಗಸ್ಟ್ ಐದು, ಶ್ರಾವಣದ ಮೊದಲ ಸೋಮವಾರ, ಸಾತಪ್ಪ ಫೋನ್ ಮಾಡಿದ.

"ಇವತ್ತ ಅವ್ವ ಒಂಬತ್ತಕ್ಕ ರೊಟ್ಟಿ ತಿಂದ್ಲರಿ."

"ಪೂಜಿ ಆತೇನ್ರಿ?"

"ಅರ್ಧಾ ಆತ್ರಿ." ಅವನು ವಿವರಿಸಿದ. ಅವಳು ವಾಲಿ ಕುಳಿತು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಿದ್ದಳು. ಬಲಗೈಯನ್ನು ಬಿಡಲು ಧೈರ್ಯ ಸಾಲದೆ ಅದನ್ನೂ ಕೆಳಗೆ ಆಸರೆ ಕೊಟ್ಟಿದ್ದಳು. ಹಾಗಾಗಿ ನೀರಿಲ್ಲ, ವಿಭೂತಿಯಿಲ್ಲ, ಹೂವಿಲ್ಲ. ಬರೀ ನೋಡುತ್ತ ಕುಳಿತು, ಆಮೇಲೆ ಕರಡಿಗೆಯಲ್ಲಿಟ್ಟಳು. "ಸೊಸಿ ಹೂವು ಏರಸ್ತೀನಿ ಅಂದ್ರ ಒಲ್ಲೆ ಅಂದ್ಲು. ಇದ ಪೂಜಿ ಅಲ್ಲ, ಭೆಟ್ಟಿ ಅಂದ್ಲರಿ. ಪೂಜಿ ಮಾಡಾಕ ಆಗಂಗಿಲ್ಲ, ಭೆಟ್ಟಿ ಆದ್ರ ಆಕ್ಕೈತೆಲ್ಲ ಅಂತ."

ಸಮೃದ್ಧಿ ಫೋನ್ ಇಟ್ಟಳು. ರೊಟ್ಟಿ ತಿಂದದ್ದಕ್ಕೆ ಸಮಾಧಾನವಾಗಿತ್ತು. ಹೂವಿಲ್ಲದ ಆ ಪೂಜೆಯನ್ನು ನೆನೆದಾಗ ಸಮಾಧಾನ ಉಳಿಯುತ್ತಿರಲಿಲ್ಲ. ಆಮೇಲೆ ಸೆಪ್ಟೆಂಬರ್ ಮುಗಿಯುವವರೆಗೂ ಶಿವಬಸವ್ವ ಮತ್ತೆ ಕೇಂದ್ರಕ್ಕೆ ಬಂದಳು. ಹಿಡಿತ ಬಲವಾಯಿತು, ಕೊಡ ಎತ್ತಿದಳು, ತೂಕವೂ ಸ್ವಲ್ಪ ಏರಿತು. ಬಲಗೈ ಮಾತ್ರ ಲಿಂಗದ ಕೆಳಗಿಂದ ಏಳಲಿಲ್ಲ. ಬಿಡಿರಿ ಎಂದು ಸಮೃದ್ಧಿಯೂ ಒತ್ತಾಯಿಸಲಿಲ್ಲ. ಪ್ರತಿ ತಿಂಗಳು ಬೆಳಗಾವಿಯಿಂದಲೇ ಒಣಗಿದ ಟವೆಲ್ ತಂದು, ಪಕ್ಕೆಗೆ ಸುತ್ತಿಟ್ಟು ಅಳೆದು, ಬಂದ ಅಂಕಿಯನ್ನು ಶಿವಬಸವ್ವನಿಗೆ ಹೇಳಿಯೇ ಬರೆಯುತ್ತಿದ್ದಳು.

ಅಕ್ಟೋಬರಿನಲ್ಲಿ ಕಾಲೇಜಿನ ಸಭಾಂಗಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ರೋಗಿಗಳ ಚಿಕಿತ್ಸೆಯನ್ನು ಮಂಡಿಸಬೇಕಿತ್ತು. ಬೇರೆ ಊರಿನ ಒಬ್ಬ ಪ್ರಾಧ್ಯಾಪಕಿ ಪರೀಕ್ಷಕರಾಗಿ ಬಂದಿದ್ದರು. ಸಮೃದ್ಧಿಗೆ ಬೇರೆ ರೋಗಿಗಳಿದ್ದರು. ಬೆನ್ನುನೋವು ಪೂರ್ತಿ ಹೋದ ಒಬ್ಬ ಬಸ್ ಚಾಲಕ ಇದ್ದ. ಅವನದನ್ನು ಮಂಡಿಸು ಎಂದು ಸೃಷ್ಟಿ ಎರಡು ಸಲ ಹೇಳಿ ನೋಡಿದಳು. ಸಮೃದ್ಧಿ ಶಿವಬಸವ್ವನನ್ನೇ ಆರಿಸಿಕೊಂಡಳು. ಎಡಗೈಯೆಂದು ಗುರಿಯನ್ನು ಕೆಳಗೆ ತಳ್ಳಿದ್ದು, ಟವೆಲ್ ಇಲ್ಲದೆ ಅಳೆದದ್ದು, ಕೊಡಬಾರದ ಮಾತು ಕೊಟ್ಟದ್ದು, ಎಲ್ಲವನ್ನೂ ಆದ ಕ್ರಮದಲ್ಲಿ ಪರದೆಯ ಮೇಲೆ ತೋರಿಸಿದಳು. ಅವಳಿಗಿಂತ ಮೊದಲು ಮಾತಾಡಿದವರು ಮೂವತ್ತು, ಮೂವತ್ತೈದು, ಐವತ್ತು ಡಿಗ್ರಿ ಹೆಚ್ಚಾಯಿತು ಎಂದು ಹೇಳಿ ಚಪ್ಪಾಳೆ ಪಡೆದಿದ್ದರು. ಮಧುಕರ ಸರ್ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

ಪರೀಕ್ಷಕಿ ಕನ್ನಡಕ ಸರಿಪಡಿಸಿಕೊಂಡು ಕೇಳಿದರು. "ಒಟ್ಟು ಚಿಕಿತ್ಸೆಯಲ್ಲಿ ಆ ತಾಯಿಯ ಅಂಗೈ ಮೇಲಕ್ಕೆ ತಿರುಗುವುದು ಎಷ್ಟು ಡಿಗ್ರಿ ಹೆಚ್ಚಾಯಿತು?"

ಸಮೃದ್ಧಿ ಮೈಕಿನ ಹತ್ತಿರ ಬಂದಳು. ಹಿಂದಿನ ಸಾಲಿನವರೆಗೂ ಕೇಳಿಸುವಂತೆ ಹೇಳಿದಳು:

"ಸೊನ್ನೆ."